ಯಾರೂ ಬಡಿಯದ ಗಡಿಕಲ್ಲು

ಬಹಳ ಹಿಂದೆ, ಏಳು ಕಡಲಿನಾಚೆ, ಆಂಗ್ಲರ ದ್ವೀಪದಲ್ಲಿ ಮಂಜು ಕವಿದ ಒಂದು ರಾಜ್ಯವಿತ್ತು. ನೂರು ಒಕ್ಕಲು ಮನೆಗಳಿಗೆ ಒಂದರಂತೆ ನಾಡನ್ನು ಪಾಲು ಮಾಡಿ, ಆ ಪಾಲನ್ನು ‘ನೂರು’ ಎಂದೇ ಕರೆಯುತ್ತಿದ್ದರು. ನೂರಿನೊಳಗೆ ಹಲವು ಪ್ಯಾರಿಷ್‌ಗಳು. ಪ್ಯಾರಿಷ್ ಎಂದರೆ ಒಂದು ಚರ್ಚು, ಅದರ ಗಂಟೆ ಕೇಳಿಸುವಷ್ಟು ದೂರದ ಮನೆಗಳು, ಹೊಲಗಳು. ಪ್ರತಿ ವಸಂತದಲ್ಲಿ ಊರವರೆಲ್ಲ ಗಡಿ ಸುತ್ತಿ, ಗಡಿಕಲ್ಲುಗಳನ್ನು ಕೋಲಿನಿಂದ ಬಡಿಯಬೇಕು. ಕಲ್ಲು ಬಡಿಯದೆ ಬಿಟ್ಟ ಊರು ಮಂಜಿನ ಮಾಯಾವಿಯ ಪಾಲು.

ಥಾರ್ನ್‌ಬಿ ಮತ್ತು ಎಲ್ಮ್‌ವಿಕ್ ಪ್ಯಾರಿಷ್‌ಗಳ ನಡುವೆ ಒಂದು ತೊರೆ. ಅದು ಯಾರದೆಂದು ಜಗಳ. “ಅವರು ಮೊದಲು ಒಪ್ಪಿಕೊಳ್ಳಲಿ, ಆಮೇಲೆ ಬಡಿಯೋಣ” ಎಂದು ಇವರು. ಅವರದೂ ಅದೇ ಮಾತು. ಅದು ದಡ್ಡತನವಲ್ಲ, ಹಟ. ಆ ವರ್ಷ ತೊರೆಯ ಮೂರು ಕಲ್ಲುಗಳನ್ನು ಯಾರೂ ಬಡಿಯಲಿಲ್ಲ.

ಥಾರ್ನ್‌ಬಿಯ ಹಿಲ್ಡಾ ಸಂತೆಯಲ್ಲಿ ನೂಲು ಮಾರಿ ಮರಳಿದಾಗ ಊರಿರಲಿಲ್ಲ. ಮಂಜಿತ್ತು. ಒಳಗೆಲ್ಲೋ ಗಂಟೆ ನರಳುತ್ತಿತ್ತು. ಹಾಸಿಗೆ ಹಿಡಿದ ಅಮ್ಮ ಕೂಗುತ್ತಿದ್ದಳು: “ಹಿಲ್ಡಾ, ಬಾಗಿಲೆಲ್ಲಿದೆಯೇ?”

ತೊರೆಯ ದಡದಲ್ಲಿ ಎಲ್ಮ್‌ವಿಕ್‌ನ ಮುದುಕ ಆಸ್ರಿಕ್ ಕೂತಿದ್ದ. ಸಂತೆಗೆ ಹೋಗಿದ್ದರಿಂದ ಉಳಿದವನು. ಅವನೂರೂ ಹೋಗಿತ್ತು. ನೀರಿನಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆಯೇ ಮಾಯಾವಿ.

“ಒಂದು ಕಲ್ಲನ್ನಾದರೂ ಜಗಳವಿಲ್ಲದೆ ಬಡಿಯಿರಿ, ಊರು ಬಿಡುತ್ತೇನೆ. ಈ ಮೊದಲ ಕಲ್ಲು ಯಾರದು?” ಎಂದಿತು ಕೊಕ್ಕರೆ.

“ನಮ್ಮದು!” ಎಂದಳು ಹಿಲ್ಡಾ.

“ನಿಮ್ಮಜ್ಜ ತಂದಿಟ್ಟಿದ್ದನೇನೇ? ನಮ್ಮದು!” ಎಂದ ಆಸ್ರಿಕ್.

ಗಂಟೆ ನಿಂತಿತು.

ಎರಡನೆಯ ಕಲ್ಲಿನಲ್ಲಿ ಬಾಯಿ ಬಿಡಬಾರದೆಂದುಕೊಂಡರೂ ನಾಲಗೆ ಕೇಳಲಿಲ್ಲ. ಮತ್ತದೇ ಜಗಳ. ಅಮ್ಮನ ಕೂಗು ನಿಂತಿತು.

ಹಿಲ್ಡಾ ಮಂಜಿಗೆ ಕಿವಿಗೊಟ್ಟಳು. ಏನೂ ಇಲ್ಲ. ಎದೆಯೊಳಗೂ ಏನೂ ಉಳಿದಂತಿರಲಿಲ್ಲ. ಮೂರನೆಯ ಕಲ್ಲಿನ ಬಳಿ ಕುಸಿದು, ಕೈಯಲ್ಲಿದ್ದ ಕೋಲನ್ನು ಆಸ್ರಿಕ್‌ನತ್ತ ಚಾಚಿದಳು.

“ಇದು ನಿಮ್ಮದೇ, ಅಜ್ಜ. ಬಡಿದುಬಿಡಿ. ನೀರು ಕಟ್ಟಿಕೊಂಡು ನಾನೇನು ಮಾಡಲಿ?”

ಆಸ್ರಿಕ್ ಕೋಲೆತ್ತಿದ. ಇಳಿಸಿದ.

“ಒಬ್ಬನಿಗೇ ಕೈ ಏಳೋದಿಲ್ಲ ತಾಯಿ. ನೀನೂ ಹಿಡಿ.”

ಒಂದೇ ಕೋಲು, ಎರಡು ಕೈ. ಕಲ್ಲು ಟಣ್ಣೆಂದಿತು. ಕೊಕ್ಕರೆ ಅರಚುತ್ತ ಹೊಗೆಯಾಯಿತು. ಮಂಜು ಹರಿದು ಎರಡೂರಿನ ಗಂಟೆಗಳೂ ಮೊಳಗಿದವು.

“ಎಲ್ಲಿಗೆ ಹೋಗಿದ್ದೆಯೇ? ಗಂಜಿ ಆರಿ ಹೋಯ್ತು,” ಎಂದಳು ಅಮ್ಮ.

ಅಂದಿನಿಂದ ಎರಡೂರಿನವರೂ ಒಂದೇ ಕೋಲು ಹಿಡಿದು ತೊರೆಗಿಳಿಯುತ್ತ ಸುಖವಾಗಿದ್ದರು. ಜಗಳವಿದ್ದರೆ, ಅದು ತೊರೆಯ ಮೀನಿಗಾಗಿ ಮಾತ್ರ.