ನಾಲಗೆಯಿಲ್ಲದ ಗಂಟೆ

ಮಣಲೂರು ರಾಜಧಾನಿಯ ಮೂಡಣ ಹೆಬ್ಬಾಗಿಲು ಆ ಮುಂಜಾನೆ ತಮಟೆಯ ಸದ್ದಿನಿಂದಲೂ ಬೇಟೆನಾಯಿಗಳ ಬೊಗಳುವಿಕೆಯಿಂದಲೂ ತುಂಬಿಹೋಗಿತ್ತು. ಉಪ್ಪರಿಗೆಗಳಿಂದ ಹೆಂಗಳೆಯರು ಅರಳು ಚೆಲ್ಲುತ್ತಿದ್ದರು. ಬಲೆ ಹೊತ್ತ ಆನೆಗಳು ಆ ಅರಳನ್ನು ತುಳಿಯುತ್ತ ಕಾಡಿನತ್ತ ಸಾಗಿದ್ದವು. ಪಟ್ಟಕ್ಕೆ ಮುನ್ನ ಯುವರಾಜನು ದಟ್ಟ ಪೊದೆಗಿಳಿದು ಜಿಂಕೆಯನ್ನೆಬ್ಬಿಸಬೇಕೆಂಬುದು ಆ ಮನೆತನದ ಸಂಪ್ರದಾಯ. ಎಲೆಯ ಮರೆಯಲ್ಲಿ ಮಿಗ ಯಾವುದು, ಮನುಷ್ಯ ಯಾರು ಎಂದು ಕಾಣದಾದ್ದರಿಂದ, ಒಳಹೋಗುವ ಯುವರಾಜನೂ ಬೇಟೆಯ ಹೆಗ್ಗಡೆಯೂ ಸೊಂಟಕ್ಕೆ ಗಂಟೆ ಕಟ್ಟಿಕೊಳ್ಳುವರು. ಅಂಚಿನಲ್ಲಿ ನಿಂತ ಬಿಲ್ಲಾಳುಗಳು ಗಂಟೆಯ ಸದ್ದಿಲ್ಲದೆ ಅಲುಗಿದ್ದಕ್ಕೆ ಮಾತ್ರ ಬಾಣ ಬಿಡುವರು.

ಗಂಟೆ ಕಟ್ಟುವ ಅಧಿಕಾರ ಹೆಗ್ಗಡೆ ಬೊಪ್ಪಯನದು. ಆಯುಧಶಾಲೆಯಲ್ಲಿ ದಣ್ಣಾಯಕ ಮಲ್ಲಪಯ್ಯನು ಅವನ ಅಂಗೈಗೆ ಎರಡು ಗಂಟೆಗಳನ್ನಿತ್ತನು. ಒಂದಕ್ಕೆ ನಾಲಗೆಯಿರಲಿಲ್ಲ.

"ಇದು ಯುವರಾಜರಿಗೆ."

"ಒಡೆಯಾ, ಇದು ಕೊಲೆ."

"ಹುಲ್ಲು ಅಲುಗಿದರೆ ಜಿಂಕೆಯ ವಯಸ್ಸು ಹೇಳುವವನು ನೀನು. ಅರಮನೆಯ ಗಾಳಿ ಎತ್ತ ಬೀಸುತ್ತಿದೆಯೆಂದು ಮಾತ್ರ ತಿಳಿಯದೆ ಹೋಯಿತೆ, ಹೆಗ್ಗಡೆ?"

ಬೊಪ್ಪಯನು ನೇರವಾಗಿ ಹೋಗಿ ಅರಸನ ಪಾದ ಹಿಡಿದನು. ಗೋವಣರಸನು ಕಿರಿಯ ರಾಣಿಯ ಕೂಸನ್ನು ತೊಡೆಯ ಮೇಲೆ ಆಡಿಸುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದನು.

"ದಣ್ಣಾಯಕನ ಮಾತು ನಮ್ಮ ಮಾತೇ. ಅದನ್ನು ನಿನಗೆ ಯಾರೂ ತಿಳಿಸಲಿಲ್ಲವೆ?" ಎಂದು ಕೂಸಿನ ಬಾಯೊರೆಸಿದನು.

ನ್ಯಾಯ ಬೇಡಲು ಆ ನಾಡಿನಲ್ಲಿ ಅದಕ್ಕಿಂತ ಎತ್ತರದ ಪೀಠವಿರಲಿಲ್ಲ.

ದಣ್ಣಾಯಕನ ಕಣ್ಣೆದುರೇ ಮೂಕಗಂಟೆಯನ್ನು ಯುವರಾಜ ಸಿಂದರಸನಿಗೆ ಕಟ್ಟಿದ ಬೊಪ್ಪಯನು, ಬಿದಿರು ಸೀಗೆಗಳು ಹೆಣೆದುಕೊಂಡ ಪೊದೆಯೊಳಗೆ ಹೊಕ್ಕೊಡನೆ ತನ್ನದನ್ನು ಬಿಚ್ಚಿ ಅವನಿಗೆ ತೊಡಿಸಿ, ಮೂಕಗಂಟೆಯನ್ನು ತಾನು ಕಟ್ಟಿಕೊಂಡನು.

"ಪ್ರಭು, ಪಡುವಣದಲ್ಲಿ ಬಿಲ್ಲಾಳುಗಳಿಲ್ಲ. ಹೊಳೆ ದಾಟಿದರೆ ತಮ್ಮ ಸೋದರಮಾವನ ಸೀಮೆ. ಓಡಿ, ತಿರುಗಿ ನೋಡಬೇಡಿ. ತಮ್ಮನ್ನು ಕೊಲ್ಲಲೆಂದೇ ಈ ಬೇಟೆ."

ಸಿಂದರಸನು ನಕ್ಕನು. "ಮುಪ್ಪಿನಲ್ಲಿ ನಿನಗೆ ಜಿಂಕೆಗಿಂತ ದೆವ್ವಗಳೇ ಹೆಚ್ಚು ಕಾಣುತ್ತಿವೆ, ಬೊಪ್ಪಯ! ಈ ತಿಲಕ ನೋಡು, ತಂದೆಯವರೇ ಇಟ್ಟದ್ದು."

"ಇಟ್ಟ ಕೈಯದೇ ಈ ಅಪ್ಪಣೆ."

ನಗೆ ನಿಂತಿತು. ಬೊಪ್ಪಯನು ಅವನನ್ನು ಪಡುವಣಕ್ಕೆ ನೂಕಿದನು. ಅಲುಗದೆ ಕುಳಿತರೆ ತನ್ನ ಮೇಲೆ ಬಾಣ ಬೀಳದು. ಆದರೆ ಯಾರೊಬ್ಬರೂ ಬೀಳದೆ ಹೋದರೆ ದಣ್ಣಾಯಕನು ಆಳುಗಳನ್ನು ಒಳಗೆ ಅಟ್ಟಿ ಹುಡುಕಿಸುವನು. ಗಂಟೆಯ ದನಿ ಇಳಿಜಾರಿನಲ್ಲಿ ಕ್ಷೀಣಿಸುವವರೆಗೆ ಕಾದು, ಬೊಪ್ಪಯನು ಎರಡೂ ಕೈಗಳಿಂದ ಪೊದೆಯನ್ನು ಅಲುಗಿಸಿದನು.

ಬಾಣ ಪಕ್ಕೆಯಲ್ಲಿ ನಾಟಿತು. "ಮಿಗ ಬಿತ್ತು!" ಎಂದು ಹೊರಗೆ ಯಾರೋ ಹರ್ಷದಿಂದ ಕೂಗಿದರು.

ಆಮೇಲೆ ಕೇಳಿಸಿದ್ದು ಗಂಟೆಯ ದನಿ. ಅದು ಹತ್ತಿರವಾಗುತ್ತಿತ್ತು. ಬೇಡವೆನ್ನಲು ಬಾಯಿ ತೆರೆದರೆ ರಕ್ತ ಬಂತು.

"ನಿನ್ನನ್ನು ಹೀಗೆ ಬಿಟ್ಟು ಹೇಗೆ ಹೋಗಲಿ?" ಸಿಂದರಸನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನಂತೆ ಅತ್ತನು. ಅರಸನಾಗಲು ಬೇಕಿದ್ದ ಒಳ್ಳೆಯತನ ಅವನಲ್ಲಿತ್ತು. ಬದುಕುಳಿಯಲು ಬೇಕಿದ್ದ ನಿಷ್ಠುರತೆಯಿರಲಿಲ್ಲ.

ಕೊಂಬೆಗಳನ್ನು ಸರಿಸಿ ಬಂದ ದಣ್ಣಾಯಕನು ಇಬ್ಬರ ಸೊಂಟಗಳನ್ನೂ ನೋಡಿದನು.

"ಸ್ವಾಮಿಭಕ್ತ. ವೀರಗಲ್ಲು ನಿಲ್ಲಿಸಿ," ಎಂದು ಆಳುಗಳಿಗೆ ಹೇಳಿ, ಯುವರಾಜನಿಗೆ ಕೈಮುಗಿದನು. "ಮನುಷ್ಯರಕ್ತ ಬಿದ್ದ ಬೇಟೆ ಸಲ್ಲದು, ಪ್ರಭು. ನಾಳೆ ತಾವು ಮತ್ತೊಮ್ಮೆ ಇಳಿಯಬೇಕು."

ಸಿಂದರಸನು ಹೊಳೆಯತ್ತ ನೋಡಿದನು. ಎಲೆಗಳ ನಡುವೆ ಈಗ ಅಲ್ಲಿಯೂ ಬಿಲ್ಲಾಳುಗಳು ನಿಂತಿದ್ದರು.

"ಆಗಲಿ," ಎಂದನು.

ಬೊಪ್ಪಯನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಆ ಬಳಿಕ ಅವನಿಗೆ ಬೇರಾವ ಮಾತೂ ಕೇಳಿಸಲಿಲ್ಲ.