ಎರಡು ಗಂಟೆಯ ಬ್ಯಾಕಪ್

"ಇನ್ನು ಮೂವತ್ತು ಸೆಕೆಂಡುಗಳಲ್ಲಿ ಗ್ಯಾಸ್ ಬಿಡುಗಡೆಯಾಗಲಿದೆ. ದಯವಿಟ್ಟು ಕೊಠಡಿಯಿಂದ ಹೊರಗೆ ಹೋಗಿ."

ರೆಕಾರ್ಡ್ ಮಾಡಿಟ್ಟ ಹೆಂಗಸಿನ ದನಿ. ಎಷ್ಟು ಮರ್ಯಾದೆ ನೋಡಿ!

ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು.

ಸರ್ವರ್ ರೂಮಿಗೆ ಬೆಂಕಿ ಬಿದ್ದರೆ ನೀರು ಹಾಕುವುದಿಲ್ಲ, ಯಂತ್ರಗಳು ಹಾಳಾಗುತ್ತವೆ. ಗ್ಯಾಸ್ ಬಿಡುತ್ತಾರೆ. ಆಗ ಬೆಂಕಿಗೂ ಉಸಿರಿಲ್ಲ, ಒಳಗಿದ್ದವರಿಗೂ ಉಸಿರಿಲ್ಲ. ಒಳಗಿದ್ದವಳು ನಾನೊಬ್ಬಳೇ. ಬೆಂಕಿ ಮಾತ್ರ ಎಲ್ಲೂ ಇರಲಿಲ್ಲ!

ಬಾಗಿಲಿನ ಗಾಜಿನ ಆಚೆ ಸೆಕ್ಯುರಿಟಿಯವನ ಮುಖ. ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಬೂಟು ಎನ್ನುತ್ತಾರೆ. ಮಾತಿಗಿಂತ ಮೊದಲು ಕಾಲು ಎತ್ತುವ ಆಸಾಮಿ. ಗ್ಯಾಸಿನ ಹಳದಿ ಹಿಡಿ ಎಳೆದವನು ಅವನೇ. ಕೈ ಇನ್ನೂ ಅದರ ಮೇಲೇ ಇತ್ತು.

"ಬಾಗ್ಲು ತೆಗಿಯೋ!"

ಅವನು ತಲೆ ಅಲ್ಲಾಡಿಸಿದ. ಆಮೇಲೆ ಹೊರಟೇ ಹೋದ.

"ಹದಿನೆಂಟು... ಹದಿನೇಳು..."

ಗೋಡೆಯ ಮೇಲೆ ಗ್ಯಾಸ್ ತಡೆಯುವ ಗುಂಡಿ ಇರುತ್ತದೆ. ಒತ್ತಿದೆ. ಎಣಿಕೆ ನಿಂತಿತು. ಆದರೆ ಒತ್ತಿ ಹಿಡಿದೇ ಇರಬೇಕು, ಕೈ ತೆಗೆದರೆ ಮತ್ತೆ ಶುರು. ಎಷ್ಟು ಹೊತ್ತು ಹಿಡಿಯಲಿ? ಸಂಜೆ ನಾಲ್ಕಕ್ಕೆ ನನ್ನ ತಮ್ಮನ ಹಣೆಬರಹ ತೀರ್ಮಾನವಾಗುವುದಿತ್ತು. ಆಗಲೇ ಹನ್ನೊಂದು ಗಂಟೆ!

ಕಾಲಿನಿಂದ ಕುರ್ಚಿ ಎಳೆದುಕೊಂಡೆ. ಬ್ಯಾಕಪ್ ಸಾಫ್ಟ್‌ವೇರಿನ ದಪ್ಪ ಮ್ಯಾನ್ಯುಯಲ್ ಅನ್ನು ಗುಂಡಿಗೆ ಒತ್ತಿಟ್ಟು, ಕುರ್ಚಿಯ ಬೆನ್ನನ್ನು ಅದಕ್ಕೆ ಆನಿಸಿದೆ. ಹತ್ತು ವರ್ಷದಲ್ಲಿ ಆ ಪುಸ್ತಕ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಸರ್ವರ್ ರೂಮಿನ ನೆಲ ಪೊಳ್ಳು. ಕೆಳಗೆ ಎರಡಡಿ ಜಾಗದಲ್ಲಿ ಕೇಬಲ್ ಹರಿದಿರುತ್ತದೆ. ಒಂದು ಹಲಗೆ ಎತ್ತಿ ಇಳಿದೆ. ಧೂಳು, ಕತ್ತಲೆ. ಮೊಣಕೈ ಊರಿಕೊಂಡು ತೆವಳಿದೆ. ಕೇಬಲ್ ಹಾಯಿಸಲು ಗೋಡೆಯಲ್ಲಿ ಕೊರೆದ ಕಂಡಿ ಇದ್ದದ್ದು ಬ್ಯಾಟರಿ ರೂಮಿನ ಕಡೆ.

ಹಿಂದೆ ದಡ್ ಎಂದಿತು. ಕುರ್ಚಿ ಜಾರಿತ್ತು.

"ಹದಿನಾರು... ಹದಿನೈದು..."

ಭುಜ ಸಿಕ್ಕಿಕೊಂಡಿತು. ಉಸಿರು ಬಿಟ್ಟು ಮೈ ಕುಗ್ಗಿಸಿದೆ. ಅಂಗಿ ಹರಿಯಿತು, ಜೊತೆಗೆ ಚರ್ಮವೂ ಹರಿಯಿತು. ಬ್ಯಾಟರಿ ರೂಮಿನ ನೆಲಕ್ಕೆ ಬಿದ್ದಾಗ ಗೋಡೆಯ ಆಚೆ ಬುಸ್ ಎಂಬ ಸದ್ದು ಕೇಳಿಸಿತು. ಅಂಗಿಯನ್ನು ಕಳಚಿ, ಕಂಡಿಗೆ ತುರುಕಿ, ಗೂಟಕ್ಕೆ ನೇತುಹಾಕಿದ್ದ ಯಾರದೋ ಕೋಟು ತೊಟ್ಟು ಓಡಿದೆ.

ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಕೇಳಿದಿರಲ್ಲ? ಹೇಳಿಕೆಯಲ್ಲಿ ಬರೆದುಕೊಳ್ಳಿ ಸಾರ್, ಮೊದಲಿನಿಂದ ಹೇಳುತ್ತೇನೆ.

ಸತ್ತ ಸರ್ವರ್‌ಗಳನ್ನು ಎಬ್ಬಿಸುವುದು ನನ್ನ ಕೆಲಸ. ಡೇಟಾ ಹೋದರೆ ಬ್ಯಾಕಪ್‌ನಿಂದ ವಾಪಸು ತರುತ್ತೇನೆ. ಆ ಕಾರ್ಖಾನೆಗೆ ಬ್ಯಾಕಪ್ ವ್ಯವಸ್ಥೆ ಹಾಕಿಕೊಟ್ಟವಳೂ ನಾನೇ. ಮೂರು ತಿಂಗಳಿಗೊಮ್ಮೆ ಹೋಗಿ, ವರದಿಯಲ್ಲಿ ಎಲ್ಲ ಹಸಿರು ಇದೆಯೇ ಎಂದು ನೋಡಿ, ಸಹಿ ಹಾಕಿ ಬರುತ್ತಿದ್ದೆ. ನನ್ನ ತಮ್ಮ ಅಲ್ಲೇ ಬಾಯ್ಲರ್ ಆಪರೇಟರ್.

ಎಂಟು ದಿನದ ಹಿಂದೆ, ಗುರುವಾರ ಮಧ್ಯಾಹ್ನ, ಬಾಯ್ಲರ್ ಸಿಡಿಯಿತು. ಮೂರು ಜನ ಸತ್ತರು.

ನಾಲ್ಕನೆಯವನನ್ನು ನನ್ನ ತಮ್ಮ ಎಳೆದು ತಂದ. ಎರಡೂ ಕೈ ಸುಟ್ಟಿತು. ಮಾರನೆಯ ದಿನ ಆಸ್ಪತ್ರೆಯ ಹಾಸಿಗೆಯಲ್ಲೇ ಪೊಲೀಸರು ಅವನನ್ನೇ ಬಂಧಿಸಿದರು. ಅವನು ಅಲಾರ್ಮ್ ಆರಿಸಿ ಎದ್ದುಹೋಗಿದ್ದ ಎಂದು ಪ್ಲಾಂಟ್ ಮ್ಯಾನೇಜರ್ ಬರೆದುಕೊಟ್ಟಿದ್ದ. ಆ ಮ್ಯಾನೇಜರ್‌ಗೆ ನಗುಮುಖ ಎಂದು ಹೆಸರು. ಹೆಣದ ಮುಂದೆ ನಿಂತರೂ ಹಲ್ಲು ಕಾಣಿಸುವವನು.

ಆಸ್ಪತ್ರೆಯ ವಾರ್ಡಿನಲ್ಲಿ, ಪೊಲೀಸಿನವನ ಎದುರಿಗೆ, ತಮ್ಮ ಒಂದೇ ಮಾತು ಹೇಳಿದ.

"ಅಕ್ಕಾ, ಅಲಾರ್ಮ್ ಹೊಡೀಲೇ ಇಲ್ಲ. ಗೇಜಲ್ಲಿ ಪ್ರೆಷರ್ ನೋಡಿ ನಾನೇ ಸ್ಟಾಪ್ ಒತ್ತಿದೆ. ಒಂಬತ್ತು ಸಲ ಒತ್ತಿದೆ ಅಕ್ಕಾ."

"ಒತ್ತಿದ್ರೆ ನಿಲ್ಬೇಕಿತ್ತಲ್ಲೋ?"

ಅವನು ನನ್ನನ್ನೇ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. ಮುಚ್ಚಿಡುವುದೇನು, ನಾನೂ ಅವನನ್ನು ಪೂರ್ತಿ ನಂಬಿರಲಿಲ್ಲ.

ಕಂಟ್ರೋಲ್ ರೂಮಿನ ಸರ್ವರ್‌ನಲ್ಲಿ ಎಲ್ಲದರ ಲಾಗ್ ಇತ್ತು. ಯಾರು, ಯಾವ ಕ್ಷಣಕ್ಕೆ, ಏನು ಒತ್ತಿದರು... ಎಲ್ಲ. ಶನಿವಾರ ಆ ಸರ್ವರ್ ಸುಟ್ಟುಹೋಯಿತು. ಶಾರ್ಟ್ ಸರ್ಕ್ಯೂಟ್ ಅಂತೆ! ಪಕ್ಕದ ಬಲ್ಬು ಕೂಡ ಹೋಗಿರಲಿಲ್ಲ.

ಇವತ್ತು ನಾಲ್ಕಕ್ಕೆ ತನಿಖಾಧಿಕಾರಿ ಮೇಡಂ ವರದಿ ಕೊಡಬೇಕಿತ್ತು. ಸಾಕ್ಷಿ ಇಲ್ಲದ ವರದಿ ಹೋದರೆ ತಮ್ಮ ವಾರ್ಡಿನಿಂದ ನೇರ ಜೈಲಿಗೆ. ಮೂರು ಸಾವು ಅವನ ತಲೆಗೆ.

ಅದಕ್ಕೇ ಹೋಗಿದ್ದೆ. ಟೇಪ್ ಡ್ರೈವ್ ಖಾಲಿ. ಕಪಾಟು ಖಾಲಿ. ನಗುಮುಖ ಒಂದೂ ಬಿಟ್ಟಿರಲಿಲ್ಲ. ಆದರೆ ರಿಜಿಸ್ಟರ್ ಇತ್ತು. ಅದರಲ್ಲಿ ಒಂದು ಸಾಲು. ಶುಕ್ರವಾರದ ಟೇಪ್, ಹೊರಗಿನ ಲಾಕರ್‌ಗೆ. ಕೆಳಗೆ ದಿನಾ ಟೇಪ್ ಬದಲಿಸುವ ಟೇಪ್ ಮಾವನ ಸಹಿ.

ಅಂದರೆ ಬಾಯ್ಲರ್ ಸಿಡಿದ ಮಾರನೆಯ ದಿನವೂ ಬ್ಯಾಕಪ್ ನಡೆದಿತ್ತು! ಮನುಷ್ಯರು ಸತ್ತರೆ ಸಾಫ್ಟ್‌ವೇರ್ ರಜೆ ಹಾಕುವುದಿಲ್ಲ. ಗುರುವಾರದ ಲಾಗ್ ಪೂರ್ತಿ ಆ ಟೇಪಿನಲ್ಲಿ ಇರಲೇಬೇಕು.

ಟೇಪನ್ನು ಆ ಲಾಕರ್‌ಗೆ ಒಯ್ಯುವ ವ್ಯಾನು ನಿಂತುಹೋಗಿ ಎರಡು ವರ್ಷವಾಗಿತ್ತು. ಅದು ನಗುಮುಖನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಟೇಪು ಇದ್ದರೆ ಮಾವನ ಹತ್ತಿರವೇ ಇರಬೇಕು. ರಿಜಿಸ್ಟರಿನ ಮೇಲೆ ಬೆರಳಿಟ್ಟು ನಾನು ನಕ್ಕದ್ದನ್ನು ಮೂಲೆಯ ಕ್ಯಾಮೆರಾ ನೋಡಿತು. ಅರ್ಧ ನಿಮಿಷದಲ್ಲಿ ಬೀಗ ಬಿತ್ತು.

ಬ್ಯಾಟರಿ ರೂಮಿನ ಹಿಂಬಾಗಿಲಿನಿಂದ ಸ್ಕೂಟರ್‌ಗೆ ಹಾರಿದೆ. ಗೇಟು ದಾಟುವಾಗ ಬೂಟು ನೋಡಿಬಿಟ್ಟ. ಸತ್ತವಳು ಸ್ಕೂಟರ್ ಓಡಿಸುವುದನ್ನು ಅವನು ಹಿಂದೆಂದೂ ನೋಡಿರಲಿಕ್ಕಿಲ್ಲ!

ಕಂಪನಿಯ ಜೀಪು ಬೆನ್ನಿಗೆ ಬಿತ್ತು.

ಸಿಗ್ನಲ್‌ನಲ್ಲಿ ಕೆಂಪು ದೀಪ. ನಿಲ್ಲಲಿಲ್ಲ. ಜೀಪೂ ನಿಲ್ಲಲಿಲ್ಲ. ಕನ್ನಡಿ ತುಂಬ ಅದರ ಮೂತಿ. ಹಿಂದಿನ ಚಕ್ರಕ್ಕೆ ಒಮ್ಮೆ ತಾಗಿತು, ಸ್ಕೂಟರ್ ಅರ್ಧ ಸುತ್ತು ತಿರುಗಿ ಹೇಗೋ ನೆಟ್ಟಗಾಯಿತು. ರಿಪೇರಿಗೆಂದು ಮುಚ್ಚಿದ್ದ ಸೇತುವೆಯ ಕಡೆ ಹೊರಳಿಸಿದೆ. ಎರಡು ಡಾಂಬರಿನ ಡ್ರಮ್, ನಡುವೆ ಮೂರಡಿ. ನಾನು ನುಗ್ಗಿದೆ. ಹಿಂದೆ ಬ್ರೇಕಿನ ಕಿರುಚಾಟ, ತಗಡಿನ ಸದ್ದು, ಬೂಟಿನ ಬೈಗುಳ!

ಹತ್ತು ನಿಮಿಷ ಸಿಕ್ಕಿತು.

ಟೇಪ್ ಮಾವ ಬಾಗಿಲಲ್ಲೇ ನಿಂತಿದ್ದ. ಇಪ್ಪತ್ತಾರು ವರ್ಷ ದಿನಾ ಟೇಪ್ ಬದಲಿಸಿದ ಮುದುಕ. ಸರ್ವರ್ ಸುಟ್ಟ ದಿನ ಅವನಿಗೂ ಕಡ್ಡಾಯ ರಜೆ ಕೊಟ್ಟು ಕಳಿಸಿದ್ದರು.

"ಮಾವಾ, ಶುಕ್ರವಾರದ ಟೇಪು?"

"ಲಾಕರ್‌ನಲ್ಲಿದೆ."

"ಮಾವಾ!"

"ಅದೇನಮ್ಮ, ನಮ್ಮನೆ ಲಾಕರು."

ಅಡಿಗೆಮನೆಯ ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದ. ವ್ಯಾನು ಬರುವುದು ನಿಂತಾಗಿನಿಂದ ಪ್ರತಿ ಶುಕ್ರವಾರದ ಟೇಪನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತರುತ್ತಿದ್ದ. ಟೇಪು ಒಂದೇ ಕಟ್ಟಡದಲ್ಲಿ ಇರಬಾರದು ಎಂದು ಅವನಿಗೆ ಹಿಂದೆ ಹೇಳಿಕೊಟ್ಟವಳು ನಾನು. ಅವನು ಪಾಲಿಸಿದ್ದ. ಅಂಗೈ ಅಗಲದ ಆ ಕರಿ ಪೆಟ್ಟಿಗೆ ಹಿಡಿದಾಗ ನನಗೆ ಅಳು ಬಂತು.

"ಅವತ್ತೂ ಎರಡು ಗಂಟೆಗೆ ಹಾಕ್ದೆ ನೋಡು, ಎಂದಿನ ಹಾಗೆ. ಮುಂಚೆ ಮಧ್ಯರಾತ್ರಿ ಎದ್ದು ಹೋಗ್ಬೇಕಿತ್ತು. ನೀನು ಮಧ್ಯಾಹ್ನಕ್ಕೆ ಟೈಮ್ ಬದಲಾಯಿಸಿ ಕೊಟ್ಟೆ. ನಿಮ್ಮತ್ತೆ ಇವತ್ತಿಗೂ ನಿನ್ನ ಹೊಗಳ್ತಾಳೆ."

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೊರಗೆ ಜೀಪು ನಿಂತಿತ್ತು.

ನಾನು ಅಡಿಗೆಮನೆಯ ಬಾಗಿಲ ಹಿಂದೆ. ಬೂಟು ಒಳಗೆ ಬಂದ. ಹಣೆ ಒಡೆದಿತ್ತು.

"ಟೇಪ್ ಎಲ್ಲಿ ಮುದ್ಯಾ?"

"ಕೊಡ್ತೀನಪ್ಪ, ಕೊಡ್ತೀನಿ... ವಯಸ್ಸಾದವನು, ಹೆದರಿಸಬೇಡ."

ಮಾವನ ಕೈ ನಡುಗುತ್ತಿತ್ತು. ಜೇಬಿನಿಂದ ಒಂದು ಟೇಪ್ ತೆಗೆದುಕೊಟ್ಟ. ಬೂಟು ಅದನ್ನು ನೆಲಕ್ಕೆ ಹಾಕಿ ತುಳಿದ. ಪುಡಿಯಾಗುವವರೆಗೂ ತುಳಿದ. ಪುಡಿಯನ್ನು ಜೇಬಿಗೆ ತುಂಬಿಕೊಂಡು ಹೋದ.

ಬಾಗಿಲು ಹಾಕಿದ ಮೇಲೆ ಮಾವನ ಕೈ ನಡುಗಲಿಲ್ಲ.

"ಅದು ಡ್ರೈವ್ ಒರೆಸೋ ಟೇಪಮ್ಮ. ಅದರಲ್ಲಿ ಏನೂ ಇರಲ್ಲ. ನೋಡೋಕೆ ಮಾತ್ರ ಹಾಗೇ ಇರುತ್ತೆ."

ಮೇಡಂ ಆಫೀಸು ಮುಟ್ಟಿದಾಗ ಒಂದೂವರೆ. ಬೆಳಿಗ್ಗೆಯೇ ಅಲ್ಲಿ ನನ್ನ ಸ್ಪೇರ್ ಡ್ರೈವ್ ಜೋಡಿಸಿಟ್ಟಿದ್ದೆ. ಟೇಪ್ ತುರುಕಿದೆ. ಕಂಟ್ರೋಲ್ ರೂಮಿನ ಫೋಲ್ಡರ್ ಆರಿಸಿ ರೀಸ್ಟೋರ್ ಕೊಟ್ಟೆ. ಪರದೆಯ ಮೇಲೆ ಪಟ್ಟಿ ನಿಧಾನಕ್ಕೆ ತುಂಬತೊಡಗಿತು. ಎದುರಿಗೆ ಮೇಡಂ. ನಗುವ ಅಭ್ಯಾಸ ಇಲ್ಲದ ಹೆಂಗಸು.

"ಇದು ತುಂಬಿದ್ರೆ?"

"ನನ್ನ ತಮ್ಮ ಬಿಡುಗಡೆ ಮೇಡಂ."

ಎಪ್ಪತ್ತೊಂದು ಪರ್ಸೆಂಟ್. ಫೋನು ರಿಂಗಾಯಿತು. ನಗುಮುಖ!

"ಏನಮ್ಮಾ, ಚೆನ್ನಾಗಿದ್ದೀರಾ? ಬೂಟು ಪುಡಿ ತೋರಿಸಿದ, ಅದು ಒರೆಸೋ ಟೇಪು. ನಿಜವಾದ ಟೇಪ್ ಹಾಕಿದ್ರಾ?"

"ಹಾಕಿದೆ. ನಿಮ್ಮ ಕಥೆ ಮುಗೀತು."

"ನನ್ನದಾ? ಬ್ಯಾಕಪ್ ಶುರುವಾಗೋದು ಎಷ್ಟು ಗಂಟೆಗೆ ಹೇಳಿ."

"ಎರಡಕ್ಕೆ."

"ಬಾಯ್ಲರ್ ಸಿಡಿದಿದ್ದು?"

ಎರಡು ಗಂಟೆ ಮೂರು ನಿಮಿಷ.

ನಿಮಗೆ ಬಿಡಿಸಿ ಹೇಳಬೇಕು. ಬ್ಯಾಕಪ್ ಶುರುವಾಗುವ ಕ್ಷಣ ಸಾಫ್ಟ್‌ವೇರ್ ಸರ್ವರ್‌ಗೆ ಅಲ್ಲಾಡಬೇಡ ಎನ್ನುತ್ತದೆ, ಫೋಟೋ ತೆಗೆಯುವವನು ಹೇಳುವ ಹಾಗೆ. ಸರ್ವರ್ ಕೆಲಸ ನಿಲ್ಲಿಸಿ ನಿಲ್ಲುತ್ತದೆ. ಅಷ್ಟು ಹೊತ್ತು ಅಲಾರ್ಮೂ ಹೊಡೆಯುವುದಿಲ್ಲ, ಸ್ಟಾಪ್ ಒತ್ತಿದರೂ ಕೇಳುವುದಿಲ್ಲ. ನಾನು ಹಾಕಿಕೊಟ್ಟಾಗ ಅದು ನಾಲ್ಕು ಸೆಕೆಂಡು. ವರ್ಷ ವರ್ಷ ಡೇಟಾ ಬೆಳೆಯಿತು, ಸೆಕೆಂಡು ನಿಮಿಷವಾಯಿತು. ನಾನು ಹಸಿರು ಬಣ್ಣ ನೋಡುತ್ತಿದ್ದೆ, ಆ ಅಂಕಿ ನೋಡಲಿಲ್ಲ. ಮುದುಕನಿಗೆ ರಾತ್ರಿ ನಿದ್ದೆಯಾಗಲಿ ಎಂದು ಎರಡು ಗಂಟೆಗೆ ಇಟ್ಟೆ. ಎರಡಕ್ಕೆ ಶಿಫ್ಟ್ ಬದಲಾಗುತ್ತದೆ, ಆಗ ಪರದೆ ಯಾರು ನೋಡುತ್ತಾರೆ ಎಂದುಕೊಂಡೆ.

"ಎರಡು ಗಂಟೆಗೆ ಸ್ಕ್ರೀನ್ ನಿಂತುಹೋಗುತ್ತೆ ಅಂತ ಆಪರೇಟರ್ ಮೂರು ಸಲ ಬರೆದುಕೊಟ್ಟಿದ್ದ. ನಾನು ನಿಮ್ಮ ಫಾರ್ಮಿಗೆ ಲಗತ್ತಿಸಿ ಕಳಿಸಿದೆ. 'ತೊಂದರೆ ಇಲ್ಲ' ಅಂತ ಸಹಿ ಹಾಕಿದ್ರಿ. ಮೂರು ಸಲವೂ! ಎಲ್ಲ ಅದೇ ಟೇಪಲ್ಲಿದೆ."

ಎಂಬತ್ತೆಂಟು ಪರ್ಸೆಂಟ್.

"ಟೇಪ್ ಕೆಟ್ಟಿದೆ ಅಂತ ಹೇಳಿ. ಅಷ್ಟೇ! ತಮ್ಮನ ಮೇಲಿನ ಮಾತು ನಾನು ಸಡಿಲ ಮಾಡಿಸ್ತೀನಿ. ಎರಡು ಮೂರು ವರ್ಷಕ್ಕೆ ಆಚೆ ಬರ್ತಾನೆ. ನೀವೂ ಉಳೀತೀರಿ, ನಾನೂ ಉಳೀತೀನಿ."

ಮೌಸ್ ರದ್ದು ಮಾಡುವ ಗುಂಡಿಯ ಮೇಲೆ ಇತ್ತು. ಸುಳ್ಳು ಹೇಳುವುದಿಲ್ಲ, ಬೆರಳು ಅಲ್ಲೇ ಇತ್ತು. ಭಯವಾಯಿತು. ಮೇಡಂಗೆ ಪರದೆ ಕಾಣುತ್ತಿರಲಿಲ್ಲ. ಒಂದು ಕ್ಲಿಕ್ ಸಾಕಾಗಿತ್ತು.

ಆಗ ಆ ಸುಟ್ಟ ಕೈಗಳು ನೆನಪಾದವು. ಒಂಬತ್ತು ಸಲ.

ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ.

"ಸರಿಯಾಗಿ ಕೇಳಿಸ್ಲಿಲ್ಲ ಸಾರ್. ಇನ್ನೊಂದು ಸಲ ಹೇಳಿ. ಆ ಸರ್ವರ್ ಸುಟ್ಟಿದ್ದು ಯಾರು?"

"ಬೂಟು ಸುಟ್ಟ, ನಾನು ಸುಡಿಸಿದೆ! ನಿಮ್ಮ ಸಹಿನೂ ಅದರ ಜೊತೆ ಸುಟ್ಟುಹೋಗಿತ್ತು ಕಣಮ್ಮ, ನೀವೇ ಎಬ್ಬಿಸ್ತಿದ್ದೀರಿ..."

ಮೇಡಂ ಪೆನ್ನು ತೆಗೆದರು. "ನಿಧಾನವಾಗಿ ಹೇಳಿ," ಎಂದರು.

ಫೋನು ಕಟ್ಟಾಯಿತು.

ನೂರು ಪರ್ಸೆಂಟ್. ಹಸಿರು.

ಲಾಗನ್ನು ನಾನೇ ಗಟ್ಟಿಯಾಗಿ ಓದಿದೆ. ಎರಡು ಗಂಟೆ ಹನ್ನೊಂದು ಸೆಕೆಂಡಿಗೆ ಸರ್ವರ್ ನಿಂತಿತು. ನಲವತ್ತನೇ ಸೆಕೆಂಡಿಗೆ ಪ್ರೆಷರ್ ಮಿತಿ ಮೀರಿತು. ಅಲಾರ್ಮ್ ಸರದಿಯಲ್ಲಿ ಕಾದು ನಿಂತಿತು. ಆಪರೇಟರ್ ಸ್ಟಾಪ್ ಒತ್ತಿದ, ಅದೂ ಕಾದು ನಿಂತಿತು. ಮತ್ತೆ ಒತ್ತಿದ. ಮತ್ತೆ ಒತ್ತಿದ. ಎರಡು ಗಂಟೆ ನಾಲ್ಕು ನಿಮಿಷಕ್ಕೆ ಸರ್ವರ್ ಎಚ್ಚರವಾಗಿ ಎಲ್ಲ ಅಪ್ಪಣೆಗಳನ್ನೂ ಒಟ್ಟಿಗೆ ಪಾಲಿಸಿತು. ಅಷ್ಟರಲ್ಲಿ ಬಾಯ್ಲರ್ ಸಿಡಿದು ಒಂದು ನಿಮಿಷವಾಗಿತ್ತು. ಎಣಿಸಿದೆ. ಒಂಬತ್ತೇ.

ನಗುಮುಖನನ್ನು ಸ್ಟೇಷನ್ನಿನ ಜೀಪಿಗೆ ಹತ್ತಿಸುವಾಗ ಅವನು ಮೊದಲ ಸಲ ನಗಲಿಲ್ಲವಂತೆ. ಬೂಟಿನ ಜೇಬಿನಲ್ಲಿ ಟೇಪಿನ ಪುಡಿ ಇನ್ನೂ ಇತ್ತಂತೆ.

ಐದು ಗಂಟೆಗೆ ತಮ್ಮನನ್ನು ನಿಮ್ಮ ಸ್ಟೇಷನ್ನಿನ ಈ ಕಾರಿಡಾರಿನಲ್ಲೇ ನೋಡಿದೆ. ಎರಡೂ ಕೈಗೆ ಬ್ಯಾಂಡೇಜು. ಅವನಿಗೆ ಯಾರೋ ಹೇಳಿಬಿಟ್ಟಿದ್ದರು.

"ನೀನಾ ಅಕ್ಕಾ?"

"ಹೂಂ."

"ಮೂರು ಸಲ ಬರೆದಿದ್ದೆ. ಅದು ನಿನ್ ಹತ್ರ ಬರುತ್ತೆ ಅಂತ ಗೊತ್ತಿದ್ರೆ ಮನೇಲೇ ಹೇಳ್ತಿದ್ದೆ."

ಅಷ್ಟೇ ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಹೊರಗೆ ಹೋದ, ನಾನು ನಿಮ್ಮ ಮುಂದೆ ಬಂದು ಕೂತೆ.

ಇಷ್ಟೇ ನನ್ನ ಹೇಳಿಕೆ. ಬರೆದಾಯಿತೇ?

ಸಹಿ ಎಲ್ಲಿ ಹಾಕಬೇಕು? ಇಲ್ಲೇನಾ...? ತಾಳಿ. ಕಾಗದ ಈ ಕಡೆ ಕೊಡಿ. ಈ ಸಲ ಓದಿ ಹಾಕುತ್ತೇನೆ.