ಮಂಡಕಳ್ಳಿಯಿಂದ ಹುಬ್ಬಳ್ಳಿಗೆ ಒಂದು ಗಂಟೆ ಹತ್ತು ನಿಮಿಷ

ಆಗಸ್ಟ್ 21, ಬೆಳಿಗ್ಗೆ 7:40. ಕಟ್ಟೆಮಳಲವಾಡಿಯ ಶರತ್ ತಾಯಿ ಸುನಂದಮ್ಮನ ಜೊತೆ ಹುಣಸೂರಿನ ಠಾಣೆಗೆ ಬಂದು ದೂರು ಕೊಟ್ಟ. ಹೊಗೆಸೊಪ್ಪು ಬೇಯಿಸುವ ಅವರ ಕಟ್ಟಡ, ಅಂದರೆ ಬ್ಯಾರನ್ನು, ಬೆಳಗಿನ ಆರು ಗಂಟೆಯ ಹೊತ್ತಿಗೆ ಸುಟ್ಟುಹೋಗಿತ್ತು. ಬೆಂಕಿ ಇಟ್ಟವನು ದಾಯಾದಿ ಕಾಂತರಾಜುವೇ, ಗಾಡಿದಾರಿಯ ಜಗಳದ ಸೇಡು ಎಂದು ತಾಯಿ ಮಗ ಇಬ್ಬರೂ ಪಟ್ಟು ಹಿಡಿದರು.

ಇನ್‌ಸ್ಪೆಕ್ಟರ್ ಯತೀಶ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ವೀರಮ್ಮನನ್ನು ಕರೆದುಕೊಂಡು 9:10ಕ್ಕೆ ಸ್ಥಳಕ್ಕೆ ಹೋದರು. ಊರಿಗೆ ಊರೇ ಬಂದು ತುಳಿದಾಡಿತ್ತು. ಹೆಜ್ಜೆ ಗುರುತಿನ ಮಾತು ಬಿಡಿ. ಪಂಚನಾಮೆ ಮುಗಿಯುವ ತನಕ ಮನೆಯವರು ಯಾರೂ ಊರು ಬಿಡುವಂತಿಲ್ಲ ಎಂದು ಯತೀಶ್ ಹೇಳಿದರು.

ಶರತನ ಹೆಂಡತಿ ರೂಪಶ್ರೀ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ತಾಯಿ ಯಶೋದಮ್ಮ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೊನೆಯ ಗಳಿಗೆ ಎಣಿಸುತ್ತಿದ್ದರು. ಅಲ್ಲಿ ರೈಲ್ವೆ ಕೆಲಸದಲ್ಲಿರುವ ಅಣ್ಣ ಟಿಕೆಟ್ ಮಾಡಿಸಿದ್ದ.

“ಮಧ್ಯಾಹ್ನ ಮೈಸೂರಿನ ಮಂಡಕಳ್ಳಿಯಿಂದ ವಿಮಾನ ಐತೆ ಸಾರ್. ಒಂದು ಗಂಟೆ ಹತ್ತು ನಿಮಿಷ ಅಷ್ಟೇಯಾ. ಓಗಿ ನಾಳೀಕೆ ಬತ್ತೀನಿ.”

“ಪಂಚನಾಮೆ ಆಗ್ಲಿ.”

ಅವಳು ಚೀಲ ಕೆಳಗಿಟ್ಟಳು.

ಕಾಂತರಾಜುವಿನ ವಿಚಾರಣೆ ಬೇಗ ಮುಗಿಯಿತು. ಆರು ಗಂಟೆಗೆ ಅವನು ಡೇರಿಯಲ್ಲಿ ಹಾಲು ಅಳೆಯುತ್ತಿದ್ದ. ಸಾಲಿನಲ್ಲಿದ್ದ ಹದಿನಾಲ್ಕು ಜನವೂ ಅದನ್ನೇ ಹೇಳಿದರು. ಇತ್ತ ವೀರಮ್ಮ ಬೂದಿ ಕೆದಕುತ್ತಿದ್ದರು. ಗಾವಡಗೆರೆಯ ಹೊಗೆಸೊಪ್ಪಿನ ಮನೆಯಲ್ಲೇ ಹುಟ್ಟಿ ಬೆಳೆದವರು. ಹಿಂದಿನ ದಿನವಷ್ಟೇ ನೇತುಹಾಕಿದ ಹಸಿ ಸೊಪ್ಪು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಇದು ಸೀಮೆಎಣ್ಣೆ ಕೆಲಸ ಎಂದರು. ಆಮೇಲೆ ಇನ್ನೊಂದು ಕೇಳಿದರು: ಒಲೆ ಮುಂದಿನ ದೇವರ ಪಟ ಎಲ್ಲಿ?

ಬ್ಯಾರನ್ನಿನ ಒಲೆ ಹಚ್ಚುವಾಗ ಆ ಕಡೆಯ ಹಲವು ಮನೆಗಳಂತೆ ಇವರೂ ಒಲೆಯ ಬಾಯಿ ಪಕ್ಕ ಮನೆದೇವರ ಪಟ ಇಟ್ಟು ಪೂಜೆ ಮಾಡುತ್ತಾರೆ. ಸೊಪ್ಪು ಇಳಿಸುವ ತನಕ ಪಟ ಕದಲುವಂತಿಲ್ಲ, ಮನೆಮಂದಿಯೂ ಕದಲುವಂತಿಲ್ಲ. ಸುನಂದಮ್ಮನ ಕಟ್ಟಳೆ ಅದು. ಹುಡುಕಿದರೆ ಪಟ ಮನೆಯೊಳಗಿನ ದೇವರ ಗೂಡಿನಲ್ಲಿತ್ತು. ಗಾಜಿಗೆ ಒಂದು ಚೂರು ಮಸಿ ಇಲ್ಲ. ಸುಡಲು ಬಂದ ದಾಯಾದಿ ಪಟ ಎತ್ತಿಟ್ಟು ಸುಡುತ್ತಾನೆಯೇ?

ಮಧ್ಯಾಹ್ನ 3:20. ಯತೀಶ್ ರೂಪಶ್ರೀಯನ್ನು ಕರೆಸಿ ಕೇಳಿದರು.

“ಪಟ ಎತ್ತಿಟ್ಟಿದ್ದು ಯಾರಮ್ಮ?”

“ನಾನೇ ಸಾರ್. ದೇವ್ರನ್ನ ಸುಡಕ್ಕಾಯ್ತದಾ?”

ಉಳಿದದ್ದನ್ನು ಅವಳೇ ಹೇಳಿದಳು. ಹತ್ತು ದಿನದಿಂದ ಬೇಡಿಕೊಂಡಿದ್ದಳು. ಹುಬ್ಬಳ್ಳಿ ಅಂದರೆ ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ, ಸೊಪ್ಪು ಕಟ್ಟೋರು ಯಾರು ಎಂದು ಅತ್ತೆ ಬೈದರು. ವಿಮಾನದ ದೂರ, ಹೊತ್ತು ಎಲ್ಲ ಮೊಬೈಲಿನಲ್ಲಿ ನೋಡಿ ಗಂಡನಿಗೆ ತೋರಿಸಿದಳು. ಸೊಪ್ಪು ಇಳೀಲಿ ಎಂದ. ಆ ಸೊಪ್ಪು ಇಳಿದ ದಿನವೇ ಮುಂದಿನದನ್ನು ಏರಿಸಿದರು.

“ಬ್ಯಾರನ್ನೇ ಇಲ್ದಿದ್ರೆ ಬುಡ್ತಾರೆ ಅನ್ಕೊಂಡೆ. ನೀವು ಇಡ್ಕೊಂಡ್ರಿ ಸಾರ್.”

ಯತೀಶ್ ಗಡಿಯಾರ ನೋಡಿದರು. ವಿಮಾನ ಆಗಲೇ ಹುಬ್ಬಳ್ಳಿಯಲ್ಲಿ ಇಳಿದಾಗಿತ್ತು. ಆದರೂ ಕೆಲಸ ಕೆಲಸವೇ. 4:30ಕ್ಕೆ ವೀರಮ್ಮ ಅವಳನ್ನು ಬಂಧಿಸಿ ಜೀಪು ಹತ್ತಿಸಿದರು.

ಠಾಣೆಯಲ್ಲಿ ಯತೀಶ್ ಜಪ್ತಿ ಪಟ್ಟಿ ಬರೆಯುತ್ತಿದ್ದಾಗ ಮೇಜಿನ ಮೇಲಿದ್ದ ಅವಳ ಮೊಬೈಲು ಬಡಿದುಕೊಂಡಿತು. ಅಣ್ಣನ ಕರೆ. ಕೊಡಿ ಎಂದು ಯತೀಶ್ ವೀರಮ್ಮನಿಗೆ ಕಣ್ಣಲ್ಲೇ ಹೇಳಿದರು. ಅಣ್ಣ ಫೋನನ್ನು ತಾಯಿಯ ಕಿವಿಗೆ ಹಿಡಿದಿದ್ದ.

“ಅವ್ವಾ, ವಿಮಾನ ಅತ್ತಾವ್ನಿ ಕಣವ್ವ. ಒಂದು ಗಂಟೆ ಹತ್ತು ನಿಮಿಷ. ಅಲ್ಲೀಗಂಟ ಕಣ್ಣು ಮುಚ್ಚಬ್ಯಾಡ.”

ಪಟ್ಟಿಯಲ್ಲಿ ಸೀಮೆಎಣ್ಣೆ ಡಬ್ಬದ ಕೆಳಗೆ ಮೊಬೈಲು ಬರೆಯಬೇಕಿತ್ತು. ಯತೀಶ್ ಪೆನ್ನು ಮುಚ್ಚಿಟ್ಟು ಕಾದರು.